ಸಕುಟುಂಬ ಸಪರಿವಾರ ಕ್ರಿಸ್‌ಮಸ್

"ಈ ವರ್ಷ ಕ್ರಿಸ್‌ಮಸ್ ಪಾರ್ಟಿ ಇಲ್ಲ. ಮುಂದಿನ ವರ್ಷಾನೂ ಇಲ್ಲ. ಹೂಂ, ಮುಕ್ಕಾಲರಲ್ಲಿ ಅರ್ಧ ಕಳೀರಿ."

ಆರೋಗ್ಯಮೇರಿ ಟೀಚರ್ ಇದನ್ನು ಹೇಳಿದ್ದು ಭಿನ್ನರಾಶಿಯ ಲೆಕ್ಕದ ನಟ್ಟನಡುವೆ, ಡಿಸೆಂಬರ್ ಮೊದಲ ವಾರದ ಒಂದು ಸಂಜೆ. ಕಾಕ್ಸ್ ಟೌನಿನ ಅವರ ಮನೆಯ ಮುಂದಿನ ಹಜಾರದಲ್ಲಿ ಚಾಪೆಯ ಮೇಲೆ ಕೂತಿದ್ದ ಮೂವತ್ತು ಮಕ್ಕಳಲ್ಲಿ ಒಬ್ಬರೂ ಅರ್ಧ ಕಳೆಯಲಿಲ್ಲ. ಮೂವತ್ತೈದು ವರ್ಷದಿಂದ ಟೀಚರ್ ಅಲ್ಲಿ ಟ್ಯೂಷನ್ ಹೇಳುತ್ತಿದ್ದರು, ಮೂವತ್ತೈದು ವರ್ಷದಿಂದ ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ ಟ್ಯೂಷನ್ ಮಕ್ಕಳಿಗೆಲ್ಲ ಪಾರ್ಟಿ ಕೊಡುತ್ತಿದ್ದರು. ಕೇಕು, ಕುಲ್‌ಕುಲ್ ಎಂಬ ಸಿಹಿ ಸುರುಳಿ, ಕೊನೆಗೆ ಮ್ಯೂಸಿಕಲ್ ಚೇರ್. ಟೀಚರ್ ಸೀಟಿ ಊದಿದಾಗ ಕುರ್ಚಿ ಸಿಗದವನ ಹಣೆಗೆ ಹಿಟ್ಟಿನ ಚುಕ್ಕೆ.

ಹತ್ತು ವರ್ಷದ ಜಹನಾರಾ ಮಾತ್ರ ತಲೆ ತಗ್ಗಿಸಿದಳು. ಪಾರ್ಟಿ ಯಾಕೆ ನಿಂತಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಟೀಚರ್ ಕಾಲಕ್ಕೆ ತಕ್ಕ ಹಾಗೆ ಕುಣಿಯೋಣವೆಂದು, ಮಕ್ಕಳಿಗೆ ಬಾಯಲ್ಲಿ ಹೇಳುವ ಬದಲು ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಆಹ್ವಾನ ಹಾಕಿದ್ದರು. ಅದು ಶುಭೋದಯದ ಗುಲಾಬಿಗಳ ಕೆಳಗೆ, ಹೋಳಿಗೆ ಮಾರುವವರ ಜಾಹೀರಾತಿನ ಕೆಳಗೆ ಮುಳುಗಿಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಟೀಚರ್ ಪಾಡು. ಮೂವತ್ತು ಮಕ್ಕಳಿಗೆ ಮಾಡಿದ ಕೇಕಿಗೆ ಬಂದವರು ಎಂಟೇ ಜನ. ಜಹನಾರಾಳ ಅಮ್ಮಿ ಆ ಮೆಸೇಜ್ ನೋಡಿದ್ದು ಮೂರು ದಿನ ಕಳೆದ ಮೇಲೆ. ಅಂದರೆ ಬಾರದ ಇಪ್ಪತ್ತೆರಡು ಜನರಲ್ಲಿ ಜಹನಾರಾಳೂ ಒಬ್ಬಳು.

ಟ್ಯೂಷನ್ ಬಿಟ್ಟು ಹೊರಡುವಾಗ ಗೇಟಿನ ಪಕ್ಕ ಒಂದು ರಟ್ಟಿನ ಪೆಟ್ಟಿಗೆ ಕಂಡಿತು. ಒಳಗೆ ಕಾಗದದ ನಕ್ಷತ್ರಗಳು, ಬಣ್ಣದ ಸರಗಳು, ಮಡಚಿದ ಹಾಗೇ. ಹಳೇ ಪೇಪರಿನವನಿಗೆ ಕೊಡಲೆಂದು ಇಟ್ಟದ್ದು. ಚಪ್ಪಲಿ ಹಾಕಿಕೊಂಡಿದ್ದ ಜಹನಾರಾ ಬಿಚ್ಚಿ ಮತ್ತೆ ಒಳಗೆ ಓಡಿದಳು.

"ಟೀಚರ್, ಎಲ್ರೂ ಬಂದ್ರೆ?"

"ಯಾರು ಬರ್ತಾರೆ?"

"ಮೂವತ್ತಕ್ಕೆ ಮೂವತ್ತೂ! ನಾನು ಕರೀತೀನಿ. ಕಾರ್ಡ್ ಮಾಡ್ತೀನಿ. ನಿಜವಾದ ಕಾರ್ಡ್, ಮದುವೆ ಕಾರ್ಡ್ ಥರ. ನಮ್ದು ಪ್ರೆಸ್ಸೇ ಇದೆಯಲ್ಲ ಟೀಚರ್!"

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಅವರು ಹಟಕ್ಕೆ ಬಿದ್ದರೆ ಮುಗಿಯಿತು, ಬ್ರಹ್ಮ ಬಂದರೂ ಬಗ್ಗುವವರಲ್ಲ. ಆದರೆ ಹಟವಿರುವ ಮಕ್ಕಳನ್ನು ಕಂಡರೆ ಅವರಿಗೆ ಒಳಗೊಳಗೇ ಪ್ರೀತಿ.

"ಸರಿ ಕಣ್ಣು. ಮೂವತ್ತಕ್ಕೆ ಮೂವತ್ತು. ನನ್ನ ಮಕ್ಕಳೇ ಬರ್ಬೇಕು, ಅವರ ಬದಲು ಅಕ್ಕನ ಮಗ, ಪಕ್ಕದ ಮನೆ ಹುಡುಗ ಅಂತ ತಂದ್ರೆ ಒಪ್ಪಲ್ಲ. ಬಂದ್ರೆ ವರ್ಷಾ ವರ್ಷಾ ಪಾರ್ಟಿ. ಒಂದು ತಲೆ ಕಮ್ಮಿಯಾದ್ರೂ ಇದೇ ಕೊನೆ. ಕಾರ್ಡು ನಂಗೆ ತೋರಿಸ್ಬೇಡ. ಮಕ್ಕಳನ್ನ ತೋರಿಸು."

ಜಹನಾರಾ ಆ ಪೆಟ್ಟಿಗೆಯನ್ನು ಎತ್ತಿಕೊಂಡು ಹಜಾರದೊಳಗೆ ಇಟ್ಟು, ಮನೆಗೆ ಹಾರಿಕೊಂಡೇ ಹೋದಳು.

ಅವಳ ಅಬ್ಬಾ ವಾಜಿದ್‌ನ ಪ್ರೆಸ್ಸು ಶಿವಾಜಿನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಮದುವೆ ಕಾರ್ಡೇ ಅಲ್ಲಿಯ ಮುಖ್ಯ ಕೆಲಸ. ನಿಕಾಹ್, ಮುಹೂರ್ತ, ನಾಮಕರಣ, ಗೃಹಪ್ರವೇಶ, ಯಾವುದಕ್ಕೂ ಇಲ್ಲ ಎನ್ನುವ ಮಾತಿಲ್ಲ. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ; ಏಕೆಂದರೆ ಅಂಗಡಿಯ ಅಕ್ಷರವೆಲ್ಲ ಅಂಜನಮೂರ್ತಿಯವರ ಕೈಯಲ್ಲಿತ್ತು. ವಾಜಿದ್‌ನ ಅಪ್ಪನ ಕಾಲದಲ್ಲಿ ಸೀಸದ ಅಚ್ಚುಮೊಳೆ ಜೋಡಿಸಲು ಸೇರಿದ ಮೂರ್ತಿ ಮಾಮ ಈಗ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ನಲವತ್ತು ವರ್ಷದಲ್ಲಿ ಕುರ್ಚಿ ಬದಲಾಗಿತ್ತು, ಮೂಗಿನ ತುದಿಯ ಕನ್ನಡಕ ಮಾತ್ರ ಅದೇ.

ವಿಷಯ ಕೇಳಿ ವಾಜಿದ್ ಮುಖ ಬೇರೆ ಕಡೆ ಮಾಡಿದ. "ಸೀಜನ್ ಟೈಮಲ್ಲಿ ಇದೆಲ್ಲ ನಕ್ಕೋ ಬೇಟಾ, ಬೇಡ" ಎಂದ. ಅವನೂ ಒಂದು ಕಾಲಕ್ಕೆ ಆರೋಗ್ಯಮೇರಿ ಟೀಚರ ಚಾಪೆಯ ಮೇಲೆ ಕೂತು ಕಲಿತವನೇ. ಒಂಬತ್ತನೇ ಕ್ಲಾಸಿನಲ್ಲಿ ಓದು ಬಿಟ್ಟಿದ್ದ. ಅಂದಿನಿಂದ ಬೀದಿಯ ತುದಿಯಲ್ಲಿ ಟೀಚರ್ ಕಂಡರೆ ಸಾಕು, ನಲವತ್ತು ವರ್ಷದ ಈ ಗಂಡಸು ಸ್ಕೂಟರ್ ತಿರುಗಿಸಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತಿದ್ದ. ಮಗಳನ್ನು ಟ್ಯೂಷನ್ನಿಗೆ ಬಿಡುವುದೂ ಅಮ್ಮಿಯ ಪಾಲಿಗೇ.

ಆದರೆ ಮರುದಿನ ಸಂಜೆಯಾಗುವಷ್ಟರಲ್ಲಿ ಅವನೇ ಉಳಿದ ಕಾರ್ಡುಗಳ ಗಂಟನ್ನು ಮೇಲಿನ ಹಲಗೆಯಿಂದ ಇಳಿಸಿ, ಮೇಜಿನ ಮೇಲಿಟ್ಟು ಹೋದ.

ಅಬ್ಬಬ್ಬಾ, ಅದರಲ್ಲಿ ಏನಿತ್ತು ಏನಿರಲಿಲ್ಲ! ಮದುವೆ ಮುರಿದುಬಿದ್ದು ಯಾರೂ ಒಯ್ಯದ ಮಖಮಲ್ಲಿನ ಹೊದಿಕೆಗಳು, ಬಂಗಾರದ ಕುಚ್ಚು, ಕೆಂಪು ರೇಷ್ಮೆ ದಾರ, ಮುತ್ತು ಬಣ್ಣದ ದಪ್ಪ ಕಾಗದ. ಜಹನಾರಾ, ಅವಳ ಜೊತೆಗೆ ಟ್ಯೂಷನ್ನಿನಿಂದ ಬಂದ ಗೆಳತಿ ರಮ್ಯ, ಪಕ್ಕದ ಬೀದಿಯ ಸೂರ್ಯ, ಮೂವರಿಗೂ ಯಾವುದನ್ನು ಮುಟ್ಟುವುದು ಯಾವುದನ್ನು ಬಿಡುವುದು ತಿಳಿಯದಾಯಿತು. ಸೂರ್ಯ ಒಂದು ಕುಚ್ಚನ್ನು ಕಿವಿಗೆ ಸಿಕ್ಕಿಸಿಕೊಂಡು ಮದುವಣಗಿತ್ತಿಯ ಹಾಗೆ ನಡೆದು ತೋರಿಸಿದ. ರಮ್ಯ ನಗುತ್ತಾ ನಗುತ್ತಾ ಗೋಂದಿನ ಡಬ್ಬಿಯನ್ನೇ ಉರುಳಿಸಿದಳು.

ತೊಡಕಾದದ್ದು ಗಂಟೆಯಲ್ಲಿ. ಕಾರ್ಡಿನ ಮೇಲೆ ಬಂಗಾರದ ಗಂಟೆ ಬೇಕೇ ಬೇಕೆಂದು ಜಹನಾರಾಳ ಹಟ. ಬಂಗಾರದ ಹಾಳೆ ಒತ್ತುವ ಮಷಿನ್ನಿಗೆ ಲೋಹದ ಬ್ಲಾಕು ಬೇಕು, ಪ್ರೆಸ್ಸಿನಲ್ಲಿದ್ದದ್ದು ಗಣಪತಿ, ಓಲಗದವರು, ಕಲಶ, ಚಂದ್ರ, ಪಲ್ಲಕ್ಕಿ. ಹೊಸದು ಮಾಡಿಸಲು ವಾರ ಹಿಡಿಯುತ್ತದೆ. ಮೂರ್ತಿ ಮಾಮ ಬ್ಲಾಕುಗಳ ಖಾನೆಯನ್ನು ಎಳೆದು, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಕಲಶವನ್ನು ಎತ್ತಿ ತಲೆಕೆಳಗು ಮಾಡಿದರು.

"ಈಗ ನೋಡಮ್ಮ."

ಜಹನಾರಾ ನೋಡಿದಳು. ಚೊಂಬು ಬೋರಲಾಗಿ ಗಂಟೆಯಾಗಿತ್ತು. ಬಾಯಿಯಿಂದ ಇಣುಕುತ್ತಿದ್ದ ತೆಂಗಿನಕಾಯಿ ಗಂಟೆಯ ನಾಲಿಗೆ. ಸುತ್ತಲಿನ ಮಾವಿನೆಲೆಗಳು ಗಂಟೆಗೆ ಕಟ್ಟಿದ ಹಸಿರು ಅಲಂಕಾರದಂತೆಯೇ ಇಳಿಬಿದ್ದಿದ್ದವು. ಅವಳು ಕಿರುಚಿದ ಕಿರುಚಿಗೆ ಎದುರಿನ ಟೈಲರ್ ಅಂಗಡಿಯವನು ಕತ್ತರಿ ಹಿಡಿದುಕೊಂಡೇ ಓಡಿಬಂದ.

ಬರಹವನ್ನು ಜಹನಾರಾಳೇ ಹೇಳಿ ಬರೆಸಿದಳು: "ಬಾ! ಬಂದೇಬಿಡು! ಕೇಕ್ ಇದೆ, ಕುಲ್‌ಕುಲ್ ಇದೆ, ಆಟ ಇದೆ. ನೀನು ಬರದಿದ್ದರೆ ಮ್ಯೂಸಿಕಲ್ ಚೇರಿನಲ್ಲಿ ಒಂದು ಕುರ್ಚಿ ಅಳುತ್ತದೆ." ಕೆಳಗೆ ಡಿಸೆಂಬರ್ ಇಪ್ಪತ್ತೊಂದು, ಭಾನುವಾರ, ಸಂಜೆ ನಾಲ್ಕು, ಟೀಚರ ಹೆಸರು, ಮನೆಯ ವಿಳಾಸ. ಮೂರ್ತಿ ಮಾಮ ಎಂದಿನಂತೆ ಹಳೆಯ ಫೈಲೊಂದನ್ನು ತೆರೆದು, ಇದ್ದದ್ದನ್ನು ಅಳಿಸಿ, ಹೇಳಿದ್ದನ್ನು ಹಾಕಿದರು. ಮಷಿನ್ ಬಿಸಿಯಾಯಿತು. ಮೊದಲ ಕಾರ್ಡು ಹೊರಬಿದ್ದಾಗ ಮೂರು ತಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಎಂಥಾ ಹೊಳಪು! ಮುತ್ತಿನ ಬಣ್ಣದ ಮೇಲೆ ಬಂಗಾರದ ಗಂಟೆ, ಕೆಂಪು ದಾರ, ಮೂಲೆಯಲ್ಲಿ ಮಕ್ಕಳೇ ಅಂಟಿಸಿದ ಹತ್ತಿಯ ಹಿಮ. ಮೂವತ್ತು ಸಾಕಿತ್ತು, ಮೂರ್ತಿ ಮಾಮ ಮೂವತ್ತೊಂದು ಒತ್ತಿದರು.

"ಮೊದಲನೇ ಕಾರ್ಡು ದೇವರಿಗೆ. ಯಾರ ಹಬ್ಬವೋ ಅವರ ದೇವರಿಗೆ" ಎಂದು ಅವರೇ ಮಕ್ಕಳನ್ನು ಕರೆದುಕೊಂಡು ಹೋಗಿ ಚರ್ಚಿನ ಆರೋಗ್ಯಮಾತೆಯ ಪಾದದ ಹತ್ತಿರ ಒಂದನ್ನು ಇಡಿಸಿದರು. ವಾಪಸು ಬರುವ ದಾರಿಯಲ್ಲಿ ಪಾಠ ಶುರುವಾಯಿತು. "ಕಾರ್ಡನ್ನ ಪೇಪರ್ ಹಾಕೋನ ಥರ ಬಿಸಾಕ್ಬಾರ್ದು. ಮನೆ ಒಳಗೆ ಹೋಗ್ಬೇಕು. ಮನೇಲಿ ಯಾರು ಹಿರೀರೋ ಅವ್ರ ಕೈಗೆ, ಎರಡೂ ಕೈಯಿಂದ ಕೊಡ್ಬೇಕು. ತಪ್ಪದೆ ಬರ್ಬೇಕು ಅಂತ ಬಾಯಿಬಿಟ್ಟು ಹೇಳ್ಬೇಕು. ಆಮೇಲೆ ಅವ್ರು ಹೆಂಗೆ ಬರಲ್ವೋ ನಾನೂ ನೋಡ್ತೀನಿ."

ನಾಲ್ಕು ದಿನ ಮೂವರೂ ಬೀದಿ ಬೀದಿ ಸುತ್ತಿದರು. ಅಜ್ಜಿಯರ ಕೈಗೆ, ತಾತಂದಿರ ಕೈಗೆ, ನಮಾಜು ಮುಗಿಸಿ ಎದ್ದ ದಾದಿಯಜ್ಜಿಯ ಕೈಗೆ. ರಮ್ಯಳ ಅಜ್ಜಿ ಗೋವಿಂದಮ್ಮ ಕಾರ್ಡನ್ನು ಕಣ್ಣಿಗೊತ್ತಿಕೊಂಡು, "ನನ್ ಕೈಗೆ ಕಾರ್ಡ್ ಕೊಟ್ಟು ಎಷ್ಟು ವರ್ಷ ಆಯ್ತಮ್ಮ, ಎಲ್ಲಾ ಮಗನ ಫೋನಿಗೇ ಬರುತ್ತೆ" ಎಂದು ಮೂವರಿಗೂ ಚಕ್ಕುಲಿ ಕೊಟ್ಟರು. ಕೊನೆಗೆ ಉಳಿದದ್ದು ಜಹನಾರಾಳ ಮನೆಯದೇ ಕಾರ್ಡು. ಅವರ ಮನೆಗೆ ಹಿರಿಯನೆಂದರೆ ಅಬ್ಬಾ. ಅವಳು ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ತಪ್ಪದೆ ಬರ್ಬೇಕು."

ವಾಜಿದ್ ತನ್ನದೇ ಪ್ರೆಸ್ಸಿನ ಕಾರ್ಡನ್ನು ಎಂದೂ ಕಾಣದವನ ಹಾಗೆ ನೋಡಿದ. ಬಹಳ ಹೊತ್ತು ಓದಿದ. ಆಮೇಲೆ ಜೇಬಿಗಿಟ್ಟುಕೊಂಡು, "ಭಾನುವಾರ ಅಂಗಡಿ ಇದೆ, ನೀವು ಹೋಗಿ" ಎಂದ.

ಶುಕ್ರವಾರ ಸಂಜೆ ರಮ್ಯಳ ಮನೆಗೆ ಹೋದಾಗ ಗೋವಿಂದಮ್ಮ ರೇಷ್ಮೆ ಸೀರೆ ಹರವಿಕೊಂಡು ಕೂತಿದ್ದರು.

"ಯಾವ ಮದುವೆಗೆ ಅಜ್ಜಿ?" ಎಂದಳು ಜಹನಾರಾ.

"ನಿಮ್ಮ ಟೀಚರಮ್ಮನ ಮನೆಗೇ ಕಣೆ! ಅಷ್ಟು ಬಾಯ್ತುಂಬ ಕರ್ದಿದ್ದಾರೆ, ಹೋಗ್ದೆ ಇರೋಕಾಗುತ್ತಾ? ಕೆ.ಆರ್. ಪುರದಿಂದ ಮಗಳು ಅಳಿಯನೂ ಬರ್ತಾವ್ರೆ. ಎಂಟು ಜನ ಆಗ್ತೀವಿ."

"ಎಂಟು ಜನಾನಾ?"

ಗೋವಿಂದಮ್ಮ ದೇವರ ಪಟದ ಹಿಂದಿನಿಂದ ಕಾರ್ಡು ತೆಗೆದು, ಕನ್ನಡಕ ಏರಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು. "ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ಆಶೀರ್ವದಿಸಬೇಕಾಗಿ ಕೋರುವ, ತಮ್ಮ ಆಗಮನಾಭಿಲಾಷಿ, ಕುಮಾರಿ ಆರೋಗ್ಯಮೇರಿ."

ಜಹನಾರಾ ಕಾರ್ಡಿನ ಮೇಲೆ ಬಗ್ಗಿ ನೋಡಿದಳು. ಆ ಸಾಲು ಅಲ್ಲಿತ್ತು. ಮೊದಲಿನಿಂದಲೂ ಅಲ್ಲಿತ್ತು, ಬಂಗಾರದ ಬಣ್ಣದಲ್ಲಿ ಮಿಂಚುತ್ತಾ! ಹುಟ್ಟಿದಾಗಿನಿಂದ ಮದುವೆ ಕಾರ್ಡುಗಳ ನಡುವೆ ಬೆಳೆದವಳಿಗೆ ಆ ಕೆಳಗಿನ ಸಾಲು ಅಂಚಿನ ಬಳ್ಳಿಯಷ್ಟೇ ಸಹಜ. ಅದನ್ನು ಯಾರಾದರೂ ಓದುತ್ತಾರೆಂದೇ ಅವಳು ಎಣಿಸಿರಲಿಲ್ಲ. ಮೂವತ್ತು ಮನೆ. ಮನೆಗೆ ಐದೈದು ಜನವೆಂದರೂ ನೂರೈವತ್ತು. ಟೀಚರ್ ಮಾಡುತ್ತಿದ್ದ ಕೇಕು ಮೂವತ್ತು ತುಂಡಿನದು.

ಅವಳು ಪ್ರೆಸ್ಸಿಗೆ ಓಡಿದಳು. ಮೂರ್ತಿ ಮಾಮ ಕಾರ್ಡನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. "ಹಳೇ ಫೈಲು! ಮೇಲಿಂದು ಬದಲಾಯಿಸ್ದೆ, ಕೆಳಗಿಂದು ನಲವತ್ತು ವರ್ಷದಿಂದ ಯಾರೂ ಬದಲಾಯಿಸು ಅಂದೇ ಇಲ್ವಲ್ಲಮ್ಮ."

"ಮನೆಮನೆಗೆ ಹೋಗಿ ಮಕ್ಕಳು ಮಾತ್ರ ಬನ್ನಿ ಅಂತ ಹೇಳ್ಬಿಡ್ಲಾ?"

"ಛೇ ಛೇ! ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಎರಡು ಕೈಯಲ್ಲಿ ಕರೆದು ಒಂದು ಬಾಯಲ್ಲಿ ಬೇಡ ಅನ್ನೋದಾ? ನಡಿ, ಟೀಚರ್ ಹತ್ರ ನಾನೇ ಹೇಳ್ತೀನಿ. ತಪ್ಪು ನಂದು."

ಹಾಗೆಂದವರು ಟೀಚರ ಹಜಾರಕ್ಕೆ ಬಂದಾಗ ಬಾಗಿಲ ಹತ್ತಿರವೇ ನಿಂತುಬಿಟ್ಟರು. ಹೇಳಿದವಳು ಜಹನಾರಾ. ಅಳಬಾರದೆಂದುಕೊಂಡು ಅಳುತ್ತಲೇ ಹೇಳಿದಳು. ಟೀಚರ್ ಕಾರ್ಡನ್ನು ಕೈಗೆ ತೆಗೆದುಕೊಂಡರು. ಗಂಟೆಯನ್ನು ನೋಡಿದರು, ಹತ್ತಿಯ ಹಿಮವನ್ನು ಮುಟ್ಟಿದರು, ಕೊನೆಯ ಸಾಲಿಗೆ ಬಂದು ನಿಂತರು.

"ಮೂರ್ತಿಯವ್ರೇ, ನನ್ನ ಹತ್ರ ಒಂದು ಟ್ರಂಕ್ ತುಂಬ ಮದುವೆ ಕಾರ್ಡಿದೆ. ಎಲ್ಲಾ ನನ್ನ ಸ್ಟೂಡೆಂಟ್ಸ್‌ದು. ಬನ್ನಿ ಅಂತ ನಾನು ಕರೆಯೋ ಕಾರ್ಡು, ಅದೂ ಬಂಗಾರದಲ್ಲಿ ನನ್ನ ಹೆಸರು, ಇದೇ ಮೊದಲು." ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಕರೆದಾಯ್ತಲ್ಲ, ಇನ್ನೇನು? ನಾಳೆ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಒಂದೊಂದು ಫೋರ್ಕ್ ತಗೊಂಡು ಬನ್ನಿ. ನೀವೂ ಬನ್ನಿ. ಆದ್ರೆ ಜಹನಾರಾ, ನಮ್ಮ ಮಾತು ಮಾತೇ. ಊರು ಕೇಕ್ ತಿನ್ನೋಕೆ ಬರುತ್ತೆ. ನನ್ನ ಮೂವತ್ತು ಬರ್ಬೇಕು."

ಶನಿವಾರವಿಡೀ ಆ ಮನೆ ಕುಲ್‌ಕುಲ್ ಕಾರ್ಖಾನೆಯಾಯಿತು. ಮೈದಾ ಹಿಟ್ಟಿನ ಗೋಲಿಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಮಾಡುವುದು, ಎಣ್ಣೆಗೆ ಬಿಡುವುದು, ಸಕ್ಕರೆ ಪಾಕದಲ್ಲಿ ಹೊರಳಿಸುವುದು. ಮೂರ್ತಿ ಮಾಮನ ಸುರುಳಿಗಳು ಎಷ್ಟು ಅಚ್ಚುಕಟ್ಟಾಗಿದ್ದವೆಂದರೆ ಮಕ್ಕಳು ಅಸೂಯೆಯಿಂದ ಎರಡನ್ನು ಚಪ್ಪಟೆ ಮಾಡಿದರು. ಕೇಕಿನ ಚಿಂತೆಗೂ ಅವರೇ ದಾರಿ ತೋರಿದರು: "ಪ್ರಸಾದದ ಥರ ಕೊಡೋಣ ಟೀಚರ್. ಅಂಗೈಗೆ ಒಂದು ಚೂರು. ಕಮ್ಮಿ ಆಯ್ತು ಅಂತ ಪ್ರಸಾದಕ್ಕೆ ಯಾರೂ ಜಗಳ ಆಡಲ್ಲ." ಪೆಟ್ಟಿಗೆಯ ನಕ್ಷತ್ರಗಳು ಗೇಟಿನಿಂದ ಮಹಡಿಯವರೆಗೆ ಏರಿದವು. ಜಹನಾರಾಗೆ ಆ ರಾತ್ರಿ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಭಾನುವಾರ ನಾಲ್ಕಕ್ಕೆ ಹತ್ತು ನಿಮಿಷವಿರುವಾಗಲೇ ಜನ ಬಂದರು. ಬಂದರು ಎಂದರೆ ಸಾಲದು, ಹರಿದು ಬಂದರು! ರೇಷ್ಮೆ ಸೀರೆ, ಮಲ್ಲಿಗೆ, ಅತ್ತರು, ಹೊಸ ಬೂಟು. ಕರೆದ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ ಎಂದು ಒಬ್ಬರ ಕೈಯಲ್ಲಿ ಬಾಳೆಹಣ್ಣು, ಒಬ್ಬರ ಕೈಯಲ್ಲಿ ಸಮೋಸ. ಹಜಾರ ತುಂಬಿ, ಅಂಗಳ ತುಂಬಿ, ಜನ ಬೀದಿಯಲ್ಲಿ ನಿಂತರು. ಗೋವಿಂದಮ್ಮ ಟೀಚರ ತಲೆಯ ಮೇಲೆ ಕೈಯಿಟ್ಟು, ಕಾರ್ಡಿನಲ್ಲಿ ಬರೆದಿದ್ದ ಹಾಗೇ ಆಶೀರ್ವಾದ ಮಾಡಿದರು. ಅರವತ್ತೈದರ ಟೀಚರ್ ಚಿಕ್ಕ ಹುಡುಗಿಯ ಹಾಗೆ ನಾಚಿದರು.

ಜಹನಾರಾ ಮಾತ್ರ ಯಾರ ಸೀರೆಯನ್ನೂ ನೋಡಲಿಲ್ಲ. ಗೇಟಿನ ಮೇಲೆ ಹತ್ತಿ ಕೂತು ಬೆರಳು ಮಡಚುತ್ತಿದ್ದಳು. ಇಪ್ಪತ್ತು. ಇಪ್ಪತ್ತನಾಲ್ಕು. ಗೆಳತಿಯರಿಬ್ಬರು ಜೋಡಿಯಾಗಿ ಬಂದರು, ಇಪ್ಪತ್ತಾರು. ಇಪ್ಪತ್ತೊಂಬತ್ತು! ಒಬ್ಬನೇ ಬಾಕಿ, ಸೂರ್ಯ. ಅವನಂತೂ ಬಂದೇ ಬರುತ್ತಾನೆ, ಕಾರ್ಡು ಮಾಡಿದವನೇ ಅವನು. ಅವಳು ಗೇಟಿನ ಮೇಲಿಂದಲೇ ಕುಣಿದಳು.

ಆಗ ಸೂರ್ಯನನ್ನು ಕರೆತರಲು ಹೋಗಿದ್ದ ರಮ್ಯ ಏದುಸಿರು ಬಿಡುತ್ತಾ ಬಂದಳು. "ಸೂರ್ಯ ಬರಲ್ಲ ಕಣೆ. ಮೈಯೆಲ್ಲ ಗುಳ್ಳೆ ಎದ್ದಿದೆಯಂತೆ, ಅಮ್ಮ ಬಂದಿದೆ ಅಂತ ಬಾಗಿಲಿಗೆ ಬೇವಿನಸೊಪ್ಪು ಕಟ್ಟಿದ್ದಾರೆ. ಅವ್ನು ಕಿಟಕೀಲಿ ಅಳ್ತಾ ಇದ್ದಾನೆ."

ಜಹನಾರಾ ಗೇಟಿನಿಂದ ಇಳಿದಳು. ಒಳಗೆ ನೂರೈವತ್ತು ಜನ ನಗುತ್ತಿದ್ದರು, ಯಾರೋ ಹಾಡುತ್ತಿದ್ದರು, ಕುಲ್‌ಕುಲ್ ತಟ್ಟೆಗಳು ತಲೆಗಳ ಮೇಲೆ ತೇಲುತ್ತಿದ್ದವು. ಇಷ್ಟೆಲ್ಲ ಆಗಿ ಒಂದು ತಲೆ ಕಮ್ಮಿ. ಅವಳಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಟೀಚರ್ ಕುರ್ಚಿಗಳನ್ನು ಸುತ್ತಲೂ ಜೋಡಿಸುತ್ತಾ, "ಎಷ್ಟಾಯ್ತು ಕಣ್ಣು?" ಎಂದು ಕೂಗಿ ಕೇಳಿದರು.

"ಇಪ್ಪತ್ತೊಂಬತ್ತು" ಎಂದಳು ಜಹನಾರಾ. ಸುಳ್ಳು ಹೇಳಬಹುದಿತ್ತು, ಅಷ್ಟು ಜನರ ನಡುವೆ ಯಾರು ಎಣಿಸುತ್ತಿದ್ದರು? ಹೇಳಲಿಲ್ಲ.

ಟೀಚರ ಕೈ ಒಂದು ಕುರ್ಚಿಯ ಮೇಲೆ ಹಾಗೇ ನಿಂತಿತು. ಅವರು ಜಹನಾರಾಳ ಮುಖವನ್ನು ನೋಡಿದರು, ಆಮೇಲೆ ಅವಳ ತಲೆಯ ಮೇಲಿಂದ ಗೇಟಿನ ಆಚೆಗೆ ನೋಡಿದರು. ಅಲ್ಲಿ ಪಕ್ಕದ ಮನೆಯ ಕಾರಿನ ಹಿಂದೆ, ಅರ್ಧ ಕಂಡೂ ಕಾಣದಂತೆ ಒಬ್ಬ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಕುರ್ತಾ, ನೀರು ಹಚ್ಚಿ ಬಾಚಿದ ತಲೆ.

"ಯಾರದು ಅಲ್ಲಿ? ವಾಜಿದ್ದಾ?"

ಜಹನಾರಾ ತಿರುಗಿ ನೋಡಿದಳು. ಅಬ್ಬಾ! ಸೀಜನ್ನಿನ ಭಾನುವಾರ ಅಂಗಡಿ ಮುಚ್ಚಿ ಬಂದಿದ್ದ. ಸ್ಕೂಟರ್ ತಿರುಗಿಸಿ ಓಡಲು ಈ ಸಲ ದಾರಿಯಿರಲಿಲ್ಲ, ಬೀದಿಯ ತುಂಬ ಜನ. ಅವನು ಗೇಟಿನವರೆಗೆ ಬಂದು, ಜೇಬಿನಿಂದ ಕಾರ್ಡು ತೆಗೆದು, ಸಿನಿಮಾ ಟಿಕೆಟ್ಟಿನ ಹಾಗೆ ಮುಂದೆ ಹಿಡಿದ.

"ಕಾರ್ಡ್ ಕೊಟ್ಟಿದ್ರು ಟೀಚರ್. ಸಕುಟುಂಬ ಅಂತ ಇತ್ತು."

"ಒಂಬತ್ತನೇ ಕ್ಲಾಸಲ್ಲೂ ಕರೆದಿದ್ದೆ. ನಿನ್ನ ಪಾಲಿನ ಕೇಕು ಹೊಸ ವರ್ಷದ ತನಕ ಎತ್ತಿಟ್ಟಿದ್ದೆ ನಾನು. ಯಾಕೆ ಬರ್ಲಿಲ್ಲ?"

"ನಮ್ಮ ಅಬ್ಬಾನ ಕೈ ಮಷಿನ್ನಿಗೆ ಸಿಕ್ಕಿತ್ತು ಟೀಚರ್. ಅದೇ ವಾರ ಅಂಗಡೀಲಿ ಕೂತೆ. ಓದು ಬಿಟ್ಟೋನು ಯಾವ ಮುಖ ಇಟ್ಕೊಂಡು ಪಾರ್ಟಿಗೆ ಬರ್ಲಿ ಅಂತ..."

"ನೀನು ಬಿಟ್ಟೆ. ನಾನು ಬಿಡಿಸಿದ್ನಾ?"

ವಾಜಿದ್ ತಲೆ ಅಲ್ಲಾಡಿಸಿದ. ಅಬ್ಬಾನ ಕಣ್ಣಲ್ಲಿ ನೀರು ನಿಂತದ್ದನ್ನು ಜಹನಾರಾ ನೋಡಿದ್ದು ಅದೇ ಮೊದಲು. ಟೀಚರ್ ಅವನ ಕಿವಿ ಹಿಡಿದು, ಮೆತ್ತಗೇ ಹಿಡಿದು, ಗೇಟಿನೊಳಕ್ಕೆ ಎಳೆದುಕೊಂಡರು. ಎಷ್ಟೋ ಜನ ಅಪ್ಪಂದಿರು, ಅಮ್ಮಂದಿರು ಗೊಳ್ಳೆಂದು ನಕ್ಕರು. ಆ ಬೆರಳಿನ ಪರಿಚಯ ಅವರ ಕಿವಿಗಳಿಗೂ ಇತ್ತು.

"ಜಹನಾರಾ, ಲೆಕ್ಕ ಸರಿಯಾಗಿ ಹಾಕು. ಇವನೂ ನನ್ನ ಚಾಪೆ ಮೇಲೆ ಕೂತೋನೇ. ಬರೋದು ಸ್ವಲ್ಪ ಲೇಟಾಯ್ತು, ಅಷ್ಟೆ."

"ಮೂವತ್ತು!" ಎಂದು ಜಹನಾರಾ ಕೂಗಿದಳು. ಬೇವಿನಸೊಪ್ಪು ಕಟ್ಟಿದ ಮನೆಯ ಕಿಟಕಿಗೂ ಕೇಳಿಸಬೇಕು, ಅಷ್ಟು ಜೋರಾಗಿ.

ಟೀಚರ್ ಸೀಟಿಯನ್ನು ಬಾಯಿಗಿಟ್ಟುಕೊಂಡರು. ಹಾಡು ಶುರುವಾಯಿತು. ಗೋವಿಂದಮ್ಮ ಸೆರಗು ಸಿಕ್ಕಿಸಿ ಸುತ್ತುವವರ ಜೊತೆ ಸೇರಿಕೊಂಡರು, ಮೂರ್ತಿ ಮಾಮ ಕನ್ನಡಕವನ್ನು ಜೇಬಿಗೆ ಹಾಕಿಕೊಂಡರು. ಸೀಟಿ ಊದಿದಾಗ ಕುರ್ಚಿ ಸಿಗದೆ ಪೆಚ್ಚಾಗಿ ನಿಂತವನು ವಾಜಿದ್. ಟೀಚರ್ ಹಿಟ್ಟಿನ ಬಟ್ಟಲಿಗೆ ಬೆರಳದ್ದಿ ಅವನ ಹಣೆಗೆ ಒಂದು ದಪ್ಪ ಚುಕ್ಕೆ ಇಟ್ಟರು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಆ ಸಂಜೆ ಸ್ಕೂಟರಿನಲ್ಲಿ ಮನೆಗೆ ಹೋಗುವಾಗಲೂ ಅದು ಹಾಗೇ ಇತ್ತು.